ಮೇಜು ಹತ್ತಿದ ಸಿಂಬಿ

ಇವತ್ತು ಬೆಳಿಗ್ಗೆ ತೊಳೆಯಲೆಂದು ನೀರಿನ ಮಡಕೆ ಎತ್ತಿದರೆ ಅಡಿಯ ಸಿಂಬಿಯೂ ಅಂಟಿಕೊಂಡು ಮೇಲೆದ್ದಿತು. ಸೀರೆ ಹರಿದು, ಜಡೆಯಂತೆ ಹೆಣೆದು, ಬಳೆಯಂತೆ ಸುತ್ತಿ ಹೊಲಿದದ್ದು. ಆ ಒದ್ದೆ ಬಟ್ಟೆಯ ವಾಸನೆಗೆ ನಾನು ಕುರ್ಲಾದ ನಮ್ಮ ಹಳೆಯ ಚಾಳಿನ ಕೋಣೆಗೆ ಹೋಗಿಬಿಟ್ಟೆ. ನೀವೂ ಬನ್ನಿ, ಲೋಕಲ್ ರೈಲಿಗಿಂತ ಬೇಗ ಮುಟ್ಟಿಸುತ್ತೇನೆ.

ಏಳೆಂಟು ವರ್ಷದ ಹಿಂದೆ ನನಗಿದ್ದ ವಿದ್ಯೆ ಒಂದೇ: ಪರರ ದನಿ. ಟಿಕೆಟ್ ಚೆಕರ್‌ನ ಗದರಿಕೆಯಿಂದ ನಮ್ಮಪ್ಪನ ಕೆಮ್ಮಿನವರೆಗೆ ಎಲ್ಲವೂ ನನ್ನ ಗಂಟಲಲ್ಲಿತ್ತು, ನನ್ನದೊಂದನ್ನು ಬಿಟ್ಟು. ಪಕ್ಕದ ಖೋಲಿಯ ಮಲ್ಲವ್ವ ವಿಜಾಪುರದ ಕಡೆಯವಳು. ವಿಕ್ರೋಳಿಯಲ್ಲಿ ಏಳುತ್ತಿದ್ದ ಬಿಲ್ಡಿಂಗುಗಳಿಗೆ ಸಿಂಬಿಯ ಮೇಲೆ ಇಟ್ಟಿಗೆ ಹೊರುವಾಕೆ. ಮುಲುಂಡಿನಲ್ಲಿ ಕನ್ನಡ ಮಹಿಳೆಯರ ಕರಕುಶಲ ಪ್ರದರ್ಶನವೆಂದು ಕನ್ನಡ ಸಂಘದ ಸೆಕ್ರೆಟರಿ ಕಮಲಮ್ಮ ಚಾಳಿಗೆ ಬಂದು ಎಲ್ಲರನ್ನೂ ನೋಡಲು ಕರೆದು ಹೋದರು. ಮರುದಿನ ತಮಾಷೆಗೆಂದು ನಾನು ಮಲ್ಲವ್ವನ ಬಾಗಿಲ ಪರದೆಯಾಚೆ ನಿಂತು ಕಮಲಮ್ಮನವರದೇ ಮೈಸೂರು ರಾಗ ಎಳೆದೆ: “ಮಲ್ಲವ್ವನವ್ರೇ, ನಿಮ್ಮ ಸಿಂಬೀನ ತರ್ಲೇಬೇಕು ಕಣ್ರೀ!”

ಭಾನುವಾರ ಆಕೆ ನಿಜಕ್ಕೂ ಹೊರಟಳು. ಮದುವೆಯ ಇಳಕಲ್ ಸೀರೆ ಹರಿದು ಹೊಸ ಸಿಂಬಿ ಮಾಡಿದ್ದಳು. ನಿಜ ಹೇಳಲಾಗದೆ ನಾನೂ ಅವಳ ಜೊತೆ ಮುಲುಂಡಿನ ಲೋಕಲ್ ಹತ್ತಿದೆ.

“ಇದನ್ನ ತನ್ನಿ ಅಂತ ಯಾರು ಹೇಳಿದ್ರೀ? ಇಲ್ಲಿ ಕಲೆ ಇಡೋದು, ಹೊರೆ ಅಲ್ಲ,” ಎಂದು ಕಮಲಮ್ಮ ಸಿಂಬಿಯನ್ನು ಮೇಜಿನಿಂದ ಎತ್ತಿ ಕುರ್ಚಿಯ ಮೇಲಿಟ್ಟರು.

“ನಾನು,” ಎಂದೆ. ನನ್ನದೇ ದನಿ, ಕೀರಲಾಗಿತ್ತು.

ಅವರು ಬೈಯಲು ತಿರುಗಿದ್ದೇ ತಡ, ಅವರೇ ಚಿತ್ತಾರ ಬರೆದ ಮಡಕೆ ಮೇಜಿನ ಮೇಲೆ ಉರುಳತೊಡಗಿತು. ಹಿಡಿದರೆ ನಿಲ್ಲುತ್ತದೆ, ಬಿಟ್ಟರೆ ಉರುಳುತ್ತದೆ, ದುಂಡು ತಳ. ಮುಖ್ಯ ಅತಿಥಿಗಳು ಮೆಟ್ಟಿಲು ಹತ್ತುತ್ತಿದ್ದರು.

“ಕೈ ತಗೀರಿ ಅಕ್ಕಾರ,” ಎಂದು ಮಲ್ಲವ್ವ ಸಿಂಬಿ ತಂದು ಅಡಿಗೆ ಸರಿಸಿದಳು. ಮಡಕೆ ಮದುವಣಗಿತ್ತಿಯಂತೆ ಕೂತಿತು.

ಬಂದ ಅತಿಥಿಗಳು ಮೇಜಿನತ್ತ ಬಗ್ಗಿದರು. ಬೆರಳಾಡಿಸಿದ್ದು ಮಡಕೆಯ ಮೇಲಲ್ಲ. “ಈ ಹೆಣಿಗೆ ಯಾರದು?”

ಕಮಲಮ್ಮ ಪೆನ್ನು ತೆಗೆದರು. ಆಮೇಲೆ, ನಾನು ಪರದೆಯಾಚೆ ಎಳೆದಿದ್ದ ಅದೇ ರಾಗದಲ್ಲಿ, “ಮಲ್ಲವ್ವನವ್ರದು ಕಣ್ರೀ!” ಎಂದು ತಾವೇ ಚೀಟಿ ಬರೆದಿಟ್ಟರು: ‘ಸಿಂಬಿ: ಮಲ್ಲವ್ವ, ಕುರ್ಲಾ.’

ವಾಪಸು ಬರುವ ಲೋಕಲ್ಲಿನಲ್ಲಿ ತಪ್ಪೊಪ್ಪಿಕೊಂಡೆ. ಮಲ್ಲವ್ವ ನಕ್ಕಳು. “ನಿನ್ನ ದನಿ ಅಂತ ಆವಾಗ್ಲೇ ಗೊತ್ತಿತ್ತೋ ತಮ್ಮಾ. ಕರದಾಕಿ ಆಕಿ ಅಲ್ಲ ಅಂದ್ರ ಏನಾತು? ನನ್ನ ಸಿಂಬಿ ಛಂದ ಇತ್ತಲ್ಲ, ಬಂದೆ.” ಅದನ್ನು ನನ್ನ ತಲೆಯ ಮೇಲಿಟ್ಟಳು. “ತಗೋ. ಭಾಳ ಹಗರ ಐತಿ ನಿನ್ನ ತಲಿ.”

ಇವತ್ತು ಸಿಂಬಿಯನ್ನು ಒಗೆದು ಒಣಗಿಸಿ ಮೇಜಿನ ಮೇಲಿಟ್ಟಿದ್ದೇನೆ. ಮಡಕೆ ಮೂಲೆಯಲ್ಲಿ ಹೊರಳಾಡುತ್ತಿದೆ. ಹೊರಳಾಡಲಿ, ಇಷ್ಟು ದಿನ ಯಾರ ಮೇಲೆ ಕೂತಿದ್ದೆನೆಂದು ಅದಕ್ಕೂ ಗೊತ್ತಾಗಲಿ.