ಬುತ್ತಿ ಒಯ್ಯಬಾರದ ಜಾಗ

ಶಹಾಪುರದ ಬಜಾರಿನಲ್ಲಿ ಬಸವಕುಮಾರನ ಸ್ಟೀಲ್ ಭಾಂಡೆ ಅಂಗಡಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಕೊಡ, ಚರಿಗೆ, ಪರಾತಗಳು ಅಲ್ಲಿಂದಲೇ ಹೋಗಬೇಕು. ಆದರೆ ಈ ಕತೆ ಅವನದಲ್ಲ, ಅವನ ಹೆಂಡತಿ ಸುನಿತಾಳದು. ಆಕೆ ಆ ಮನೆಯ ಹಿರಿಸೊಸೆ. ಹೇಳಿಕೊಳ್ಳಲಿಕ್ಕೆ ದೊಡ್ಡ ಪದವಿ. ಮಾಡಲಿಕ್ಕೆ ಕೂತರೆ ಅದರಲ್ಲಿ ಮುಕ್ಕಾಲು ಪಾಲು ಬರೀ ರೊಟ್ಟಿ.

ಬೆಳಗಾಗುವ ಮುಂಚೆ ಹಿತ್ತಲಿನ ಒಲೆ ಹೊತ್ತಬೇಕು, ಎಸರು ಕುದಿಯಬೇಕು, ಮನೆಯವರಿಗೂ ಅಂಗಡಿಯ ಆಳುಗಳಿಗೂ ಸೇರಿ ಜೋಳದ ರೊಟ್ಟಿಯ ಗುಂಪೆ ಏಳಬೇಕು. ಗ್ಯಾಸಿನ ಮೇಲೆ ಬೇಯಿಸಿದ ರೊಟ್ಟಿಗೆ ರುಚಿಯಿಲ್ಲ ಎಂದು ಈ ಮನೆಯ ಗಂಡಸರು ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ದಾರೆ. ತೀರ್ಮಾನ ಮಾಡಿದವರಲ್ಲಿ ಒಬ್ಬನೂ ಒಲೆ ಊದಿದವನಲ್ಲ, ಅದು ಬೇರೆ ಮಾತು. ಮೈದುನ ನೀಲಕಂಠ ಯಾದಗಿರಿಯಲ್ಲಿದ್ದಾನೆ, ಅವನ ಹೆಂಡತಿ ಉಮಾ ಅಲ್ಲಿ ಶಾಲೆಯ ಮೇಡಮ್ಮು. ಹಬ್ಬಕ್ಕೆ ಬಂದರೆ ಉಮಾ ಪಲ್ಯ ಹೆಚ್ಚಿಕೊಡುತ್ತಾಳೆ, ರೊಟ್ಟಿ ಬಡಿಯಲು ಬರುವುದಿಲ್ಲ ಎಂದು ನಗುತ್ತಾಳೆ. ಬರುವುದಿಲ್ಲ ಎಂದು ಹೇಳುವ ಧೈರ್ಯ ತನಗೆ ಮೊದಲ ದಿನವೇ ಯಾಕೆ ಬರಲಿಲ್ಲವೋ ಎಂದು ಸುನಿತಾ ಎಷ್ಟೋ ಸಲ ಅಂದುಕೊಂಡಿದ್ದಾಳೆ.

ಮನೆಯವರಿಗೆ ಪ್ರವಾಸವೆಂದರೆ ಖುಷಿ, ಆಕೆಗೆ ಬುತ್ತಿ. ಕೂಡಲಸಂಗಮಕ್ಕೆ ಹೋಗಿ ಬಂದವರು ನದಿಯ ಮಾತಾಡುತ್ತಾರೆ. ಸುನಿತಾಳಿಗೆ ನೆನಪಿರುವುದು ಅದಕ್ಕೆ ಮೊದಲು ಎರಡು ದಿನ ಬಡಿದು ಒಣಗಿಸಿದ ಕಡಕ್ ರೊಟ್ಟಿ. ಶ್ರೀಶೈಲವೆಂದರೆ ಎಣ್ಣೆ ಕಲೆಸಿದ ಶೇಂಗಾ ಹಿಂಡಿಯ ಡಬ್ಬಿ ಸೋರಿ ಹಾಳಾದ ಹಸಿರು ಸೀರೆ. ಹೋದ ಕಡೆಯಲ್ಲೆಲ್ಲ ಗಿಡದ ನೆರಳು ಹುಡುಕು, ಜಮಖಾನ ಹಾಸು, ಬಡಿಸು, ತಾಟು ತೊಳೆ, ಗಂಟು ಕಟ್ಟು. ಆ ಪ್ರವಾಸಗಳ ಫೋಟೊಗಳಲ್ಲಿ ಆಕೆ ಸಿಗುವುದೇ ಅಪರೂಪ. ಒಂದರಲ್ಲಿ ಮೊಸರನ್ನ ಬಡಿಸುವ ಕೈ ಮಾತ್ರ ಇದೆ, ಬಳೆ ನೋಡಿ ಗುರುತು ಹಿಡಿಯಬೇಕು.

ಈ ಸಲದ ಬೇಸಿಗೆಯಲ್ಲಿ ಮಗಳು ಶಿವಲೀಲಾ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಳು. ಹೈದರಾಬಾದಿನ ಹೊರಗೆ ಒಂದು ಭಾರೀ ಪಾರ್ಕು. ಆಕಾಶಕ್ಕೆ ಏರಿ ಇಳಿಯುವ ರೈಲು, ತೆರೆ ಎಬ್ಬಿಸುವ ಕೃತಕ ಸಮುದ್ರ, ಅಲ್ಲೇ ಉಳಿದುಕೊಳ್ಳಲು ಕೋಣೆಗಳು. ಸುನಿತಾ ಅಕ್ಕಿ ಆರಿಸುತ್ತಲೇ ಅರೆಗಣ್ಣಿನಿಂದ ನೋಡುತ್ತಿದ್ದಳು. ವಿಡಿಯೊದಲ್ಲಿ ದೊಡ್ಡ ಗೇಟು ಬಂತು, ಗೇಟಿನ ಪಕ್ಕದಲ್ಲಿ ಒಂದು ಬೋರ್ಡು. ಅದರಲ್ಲಿ ಊಟದ ಡಬ್ಬಿಯ ಚಿತ್ರ, ಚಿತ್ರದ ಮೇಲೆ ಕೆಂಪು ಗೆರೆ.

"ಇದೇನದ ಇದು?" ಎಂದು ಕೇಳಿದಳು.

"ಹೊರಗಿನ ಊಟ ಒಳಗ ಒಯ್ಯಂಗಿಲ್ಲಂತ ಬೇ ಯವ್ವಾ. ಅಲ್ಲೇ ಉಣಬೇಕು. ಟಿಕೀಟಿನ್ಯಾಗೇ ಊಟ ಇರ್ತದ."

ಸುನಿತಾ ಅಕ್ಕಿಯ ಮೊರ ಕೆಳಗಿಟ್ಟಳು. "ಇನ್ನೊಮ್ಮೆ ತೋರ್ಸು" ಎಂದಳು. ಮಗಳು ರೈಲು ತೋರಿಸಿದಳು. "ಅದಲ್ಲ, ಬೋರ್ಡು ತೋರ್ಸು."

ಅವತ್ತು ಗಂಡ ಊಟಕ್ಕೆ ಕೂತಾಗ ಆಕೆ, "ಸೂಟಿಯಾಗ ಆ ಪಾರ್ಕಿಗೆ ಹೋಗಮು" ಎಂದಳು. ಬಸವಕುಮಾರ ತುತ್ತು ಹಿಡಿದುಕೊಂಡೇ ಆಕೆಯನ್ನು ನೋಡಿದ. ಮದುವೆಯಾದಾಗಿನಿಂದ ಇದು ಬೇಕು ಎಂದು ಬಾಯಿಬಿಟ್ಟು ಕೇಳಿದವಳಲ್ಲ. "ಈ ವಯಸ್ಸಿನ್ಯಾಗ ಜಾರುಬಂಡಿ ಆಡ್ತಿಯೇನ?" ಎಂದು ನಕ್ಕ. ಆದರೂ ಆಗಲೆಂದ. ಆಕೆಯೂ ನಕ್ಕು ಪಲ್ಯ ಬಡಿಸಿದಳು. ಜಾರುಬಂಡಿ ಯಾರಿಗೆ ಬೇಕಿತ್ತು? ಒಂದು ದಿನ, ಒಂದೇ ಒಂದು ದಿನ, ಬೇರೆ ಯಾರೋ ಮಾಡಿದ್ದನ್ನು ಬೇರೆ ಯಾರೋ ಬಡಿಸಲಿ, ತಾನು ಕೂತು ಉಣ್ಣಬೇಕು. ಅಷ್ಟೇ. ಅದನ್ನು ಹೇಳಿದರೆ ಮನೆಯವರು ಇದೂ ಒಂದು ಆಸೆಯೇ ಎಂದಾರು. ಅದಕ್ಕೇ ಹೇಳಲಿಲ್ಲ.

ಪಾರ್ಕಿನ ತಯಾರಿ ಶುರುವಾಯಿತು. ಈ ಕಡೆಯ ರಿವಾಜೆಂದರೆ, ದೂರ ಹೊರಟವರು ಮನೆಯಿಂದ ಕೊಟ್ಟ ಹೆಣ್ಣುಮಕ್ಕಳಿಗೆ ಹೇಳಿಯೇ ಹೋಗಬೇಕು. ಹೇಳುವಾಗ ನೀವೂ ಬರ್ರಿ ಎಂದು ಬಾಯಿತುಂಬ ಕರೆಯಬೇಕು. ಕರೆಸಿಕೊಂಡವರು ನಮಗೆಲ್ಲಿ ಫುರಸತ್ತು ಎನ್ನಬೇಕು. ಬಸವಕುಮಾರ ಕೆಂಭಾವಿಯಲ್ಲಿರುವ ತಂಗಿ ಸರಿತಾಳಿಗೆ ಫೋನು ಹಚ್ಚಿ ತನ್ನ ಪಾಲಿನ ರಿವಾಜು ಸರಿಯಾಗಿ ಮಾಡಿದ. ಸರಿತಾ ತನ್ನ ಪಾಲಿನದನ್ನು ಮರೆತಳು. "ಬರ್ತೀವಿ ಅಣ್ಣಾ, ನಮ್ಮ ಮಾವನೋರೂ ಎಲ್ಲೂ ಹೋಗಿಲ್ಲ" ಎಂದುಬಿಟ್ಟಳು. ತಂಗಿಗೆ ಹೇಳಿ ತಮ್ಮನಿಗೆ ಹೇಳದಿದ್ದರೆ ಹೇಗೆ? ನೀಲಕಂಠನ ಸಂಸಾರವೂ ಸೇರಿತು. ಒಂದು ಕಾರು ಸಾಲದಾಗಿ ಬಾಡಿಗೆ ಗಾಡಿ ಓಡಿಸುವ ಅಯಾಜನ ಕ್ರೂಸರ್ ಗೊತ್ತಾಯಿತು. ಅಯಾಜ್ ಬಂದು ಮಂದಿಯನ್ನು ಎಣಿಸಿ, "ಸಣ್ಣ ಹುಡುಗರ್ನ ತೊಡಿ ಮ್ಯಾಲ ಕುಂದರ್ಸ್ಕೋಬೇಕ್ರಿ ಅಕ್ಕಾ" ಎಂದು ಹೇಳಿ ಹೋದ.

ತಾರೀಕು ಮೂರು ಸಲ ಬದಲಾಯಿತು. ಒಬ್ಬರಿಗೆ ಮದುವೆ, ಒಬ್ಬರಿಗೆ ದವಾಖಾನೆ, ಒಬ್ಬರಿಗೆ ಶನಿವಾರ ಆಗದು. ಪ್ರತಿ ಸಲವೂ ಎಲ್ಲರಿಗೂ ಫೋನು ಮಾಡುವ ಕೆಲಸ ಸುನಿತಾಳ ತಲೆಗೇ ಬಂತು, ಹೇಳಿದವಳು ನೀನೇ ಅಲ್ಲವೇ ಎಂದು. ನೀರಿಗಿಳಿಯಲು ಹೆಂಗಸರು ಎಂಥದೋ ಬೇರೆ ಬಟ್ಟೆ ಹಾಕಬೇಕಂತೆ ಎಂದು ಸರಿತಾ ಕೆಂಭಾವಿಯಿಂದ ದಿನಕ್ಕೊಮ್ಮೆ ಕೇಳಿದಳು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಫೋನು, ಹಿತ್ತಲಲ್ಲಿ ಒಲೆ. ಸಂಜೆ ಬಟ್ಟೆ ತೆಗೆಯಲು ಮಾಳಿಗೆಗೆ ಹೋದಾಗ ಎದುರಿಗೆ ಮಲಗಿದ ಮನುಷ್ಯನಂತೆ ಕಾಣುವ ಗುಡ್ಡದ ಸಾಲಿನಲ್ಲಿ ಬುದ್ಧ ಎಂದಿನಂತೆ ಅಂಗಾತ ಮಲಗಿರುತ್ತಿದ್ದ. ಇಡೀ ಶಹಾಪುರದಲ್ಲಿ ಯಾರೂ ಎಬ್ಬಿಸದೆ ಬಿಟ್ಟಿರುವುದು ಇವನೊಬ್ಬನನ್ನೇ ಎಂದು ಸುನಿತಾಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಆದರೂ ಬೇಸರಿಸಲಿಲ್ಲ. ಗೇಟಿನ ಆ ಬೋರ್ಡು ನೆನಪಾದರೆ ಮೊಣಕೈ ನೋವು ಸ್ವಲ್ಪ ಹಗುರಾಗುತ್ತಿತ್ತು.

ಹೊರಡುವ ಮೊದಲಿನ ವಾರ ಎಲ್ಲರೂ ಶಹಾಪುರದ ಮನೆಯಲ್ಲೇ ಕೂಡಿದರು. ಪಡಸಾಲೆಯಲ್ಲಿ ಚಹಾ ನಡೆದಿತ್ತು. ಅತ್ತೆ ಗೊಲ್ಲಾಳಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಮುದುಕಿ ದೀಕ್ಷೆ ತೆಗೆದುಕೊಂಡಾಗಿನಿಂದ ಹೊರಗಿನ ಅನ್ನ ಮುಟ್ಟಿದವಳಲ್ಲ. ಲಿಂಗಪೂಜೆ ಮುಗಿಸಿ ಮನೆಯ ರೊಟ್ಟಿಯನ್ನೇ ಉಣ್ಣಬೇಕು. ಕೆಲ ವರ್ಷಗಳ ಹಿಂದೆ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿದ ಮೇಲೆ ಒಲೆಯ ಹತ್ತಿರವೂ ಹೋಗಿಲ್ಲ.

"ಅವ್ವನ ಊಟದ್ದು ಹ್ಯಾಂಗ?" ಎಂದು ಬಸವಕುಮಾರ ಕೇಳಿದ.

ನೀಲಕಂಠನ ಹತ್ತಿರ ಎಲ್ಲದಕ್ಕೂ ಉಪಾಯವಿರುತ್ತದೆ. "ಅದಕ್ಕೇನದ ಅಣ್ಣಾ? ಒಳಗ ಬಿಡಂಗಿಲ್ಲಂದ್ರ ಗೇಟಿನ ಹೊರಗ ಗಿಡದ ಬುಡಕ ಗಾಡಿ ನಿಂದರ್ಸಮು. ಮಧ್ಯಾಹ್ನ ಹೊರಗ ಬಂದು ಉಂಡು ಮತ್ತ ಒಳಗ ಹೋಗಮು. ಮತ್ತ ಒಳಗ ಬಿಡಾಕ ಕೈ ಮ್ಯಾಲ ಸಿಕ್ಕಾ ಹೊಡೀತಾರ."

"ನಮ್ಮ ಮಾವನೋರಿಗೆ ಶುಗರ್ ಅದ, ಅವರಿಗೂ ರೊಟ್ಟೀನೇ ಬೇಕು" ಎಂದಳು ಸರಿತಾ.

"ಇಬ್ಬರಿಗೆ ಕಟ್ಟೂದೇ ಕಟ್ಟೂದು, ಎಲ್ಲರಿಗೂ ಕಟ್ಟಿಬಿಟ್ರ ಆತು" ಎಂದ ಬಸವಕುಮಾರ. "ಆ ಪಾರ್ಕಿನ ಊಟ ಯಾರಿಗೆ ಹೊಟ್ಟಿ ತುಂಬ್ತದ? ನಿಮ್ಮ ವೈನಿ ಕೈ ರೊಟ್ಟಿ ಬಿಟ್ಟು ಅದನ್ಯಾಕ ಉಣಬೇಕು, ಹೌದಿಲ್ಲೊ ನೀಲ್ಯಾ?"

ಎಲ್ಲರೂ ಹೌದೆಂದರು. ಉಮಾ ಮಾತ್ರ, "ಅಕ್ಕಗ ತ್ರಾಸ ಆಗ್ತದಲ್ಲ" ಎಂದು ಅರ್ಧಕ್ಕೇ ನಿಲ್ಲಿಸಿದಳು. ತ್ರಾಸಾಗುತ್ತದೆ ಎಂದು ಗೊತ್ತಿರುವುದಕ್ಕೂ ತಾನು ಕೈಹಚ್ಚುವುದಕ್ಕೂ ನಡುವೆ ಬಹಳ ದೂರವಿದೆ.

ಸುನಿತಾ ಚಹಾದ ಕಪ್ಪುಗಳನ್ನು ತಾಟಿನಲ್ಲಿ ಜೋಡಿಸಿಕೊಳ್ಳುತ್ತಿದ್ದಳು. ಸಿಟ್ಟು ಬಂದಿದ್ದರೆ ನುಂಗಿಕೊಳ್ಳುತ್ತಿದ್ದಳು, ಅಭ್ಯಾಸವಿತ್ತು. ಬಂದದ್ದು ಸಿಟ್ಟಲ್ಲ, ಇಷ್ಟು ವರ್ಷದ ದಣಿವು. ತಾಟು ಅಲ್ಲೇ ಇಟ್ಟು ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಬುತ್ತಿ ಒಯ್ಯಂಗಿಲ್ಲಂತ ಬೋರ್ಡ ಹಾಕ್ಯಾರಂತೇ ನಾ ಆ ಜಾಗ ಹೇಳೀನಿ" ಎಂದಳು. "ನೀರು ನೋಡಿ ಅಲ್ಲ, ರೈಲು ನೋಡಿ ಅಲ್ಲ. ಒಂದ ದಿನ ರೊಟ್ಟಿ ಬಡೀಬಾರದು, ಕುಂತು ಉಣಬೇಕಂತ ಹೇಳೀನಿ. ನೀವು ಗಿಡದ ಬುಡಕೂ ನನಗ ಒಲಿ ಹಚ್ಚಿ ಕೊಡಾಕತ್ತೀರಿ."

ನೀಲಕಂಠ ಮೊದಲು ನಕ್ಕ. ಯಾರೂ ಜೊತೆಗೂಡದ್ದನ್ನು ನೋಡಿ ನಿಲ್ಲಿಸಿದ. ಬಸವಕುಮಾರ ಲುಂಗಿಯ ಅಂಚು ಸರಿಮಾಡಿಕೊಂಡು, "ಮೊದಲೇ ಹೇಳಬೇಕಿಲ್ಲೇನು" ಎಂದ. ಸರಿತಾ ತನ್ನ ಮಾವನವರು ಒಂದು ದಿನ ಅನ್ನ ಉಂಡರೆ ಏನೂ ಆಗುವುದಿಲ್ಲ ಎಂದಳು. ಎಲ್ಲರೂ ಅಲ್ಲೇ ಉಣ್ಣುವುದೆಂದು ಎರಡೇ ಮಾತಿನಲ್ಲಿ ಠರಾವಾಯಿತು. ಇಷ್ಟು ಸುಲಭವಿತ್ತೇ ಎಂದು ಸುನಿತಾ ಬೆರಗಾಗುವಷ್ಟರಲ್ಲಿ ಗೊಲ್ಲಾಳಮ್ಮ ಕಂಬ ಹಿಡಿದು ಎದ್ದಳು.

"ನಾ ಬರಂಗಿಲ್ಲ. ನನ್ನ ಸಲುವಾಗಿ ಯಾರೂ ಬುತ್ತಿ ಕಟ್ಟಬ್ಯಾಡ್ರಿ" ಎಂದು ಹೇಳಿ ದೇವರ ಕೋಣೆಗೆ ಹೋದಳು.

ಮುದುಕಿಯ ಮನಸ್ಸಿಗೆ ನೋವಾಯಿತೆಂದೇ ಎಲ್ಲರೂ ತಿಳಿದರು. ಗಂಡುಮಕ್ಕಳಿಬ್ಬರೂ ಹೋಗಿ ಬೇಡಿಕೊಂಡರು, ಬಗ್ಗಲಿಲ್ಲ. ಹಾಗಾದರೆ ಅವ್ವನ ಹತ್ತಿರ ಒಬ್ಬರು ಇರಬೇಕಲ್ಲ ಎಂಬ ಮಾತು ಬಂತು. ಬಂದ ಮಾತು ಯಾರ ಕಡೆಗೂ ಬೆರಳು ತೋರಿಸಲಿಲ್ಲ, ಸುಮ್ಮನೆ ಪಡಸಾಲೆಯ ನಡುವೆ ಬಿದ್ದುಕೊಂಡಿತು. ಉಮಾ ತನ್ನ ಮಗುವಿನ ಜಡೆ ಬಿಚ್ಚಿ ಮತ್ತೆ ಹೆಣೆಯತೊಡಗಿದಳು. ಸರಿತಾ ಮನೆಯ ಮಗಳು, ಅವಳನ್ನು ಕರೆದು ಬಿಟ್ಟುಹೋಗುವಂತಿಲ್ಲ.

"ನಾ ಇರ್ತೀನಿ" ಎಂದಳು ಸುನಿತಾ. ಆಕೆಗೆ ಅಳು ಕೂಡ ಬರಲಿಲ್ಲ. ಹೇಗಿದ್ದರೂ ಇದು ಇಲ್ಲಿಗೇ ಬಂದು ಮುಟ್ಟುತ್ತದೆ ಎಂದು ಒಳಗೆಲ್ಲೋ ಗೊತ್ತಿದ್ದಂತಿತ್ತು.

ಆಮೇಲಿನ ದಿನಗಳು ಅತ್ತೆ ಸೊಸೆಯರ ನಡುವೆ ಮಾತಿಲ್ಲದೆ ಕಳೆದವು. ಗೊಲ್ಲಾಳಮ್ಮ ಬಡಿಸಿದ್ದನ್ನು ಉಂಡು ಏಳುತ್ತಿದ್ದಳು. ಒಂದು ಮಧ್ಯಾಹ್ನ ಮಾತ್ರ, "ಹಿಟ್ಟು ಹೊಸಾದು ಬೀಸಿಕೊಂಡು ಬಂದಿಯೇನ?" ಎಂದು ಕೇಳಿದಳು. ಹೌದೆಂದರೆ ತಲೆಯಾಡಿಸಿ ಎದ್ದುಹೋದಳು. ಹಿಟ್ಟಿನ ಡಬ್ಬಿಯ ಮೇಲೂ ನಂಬಿಕೆ ಹೋಯಿತೇನೋ ಎಂದು ಸುನಿತಾಳಿಗೆ ಕೆಟ್ಟೆನಿಸಿತು. ಮುನ್ನಾದಿನ ಹೊರಡುವವರ ಬಟ್ಟೆ ಇಸ್ತ್ರಿ ಮಾಡಿದಳು, ಮಗಳ ಚೀಲ ತುಂಬಿದಳು, ಅಯಾಜನಿಗೆ ನಸುಕಿನಲ್ಲೇ ಬರಲು ನೆನಪು ಮಾಡಿದಳು. ಇಷ್ಟೆಲ್ಲ ಮಾಡಿ ಮಲಗಿದಾಗ ಮೈಯಲ್ಲಿ ಹೊರಳುವಷ್ಟೂ ಕಸುವಿರಲಿಲ್ಲ.

ಎಚ್ಚರವಾದದ್ದು ಒಂದು ಸಪ್ಪಳಕ್ಕೆ. ಹಿತ್ತಲಲ್ಲಿ ಯಾರೋ ರೊಟ್ಟಿ ಬಡಿಯುತ್ತಿದ್ದರು. ಕಿಟಕಿಯಾಚೆ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಅರೆನಿದ್ದೆಯಲ್ಲಿ ಆಕೆ ದೇವಾಪುರದ ತವರುಮನೆಯಲ್ಲಿದ್ದಳು. ಅವ್ವ ಒಲೆಯ ಮುಂದೆ ಕೂತಿದ್ದಾಳೆ, ತಾನು ಕೌದಿಯೊಳಗೆ ಇನ್ನೊಂದು ಮಗ್ಗುಲಿಗೆ ಹೊರಳಿದರಾಯಿತು. ಮದುವೆಯಾದ ಮೇಲೆ ಈ ಸಪ್ಪಳವನ್ನು ಹಾಸಿಗೆಯಲ್ಲಿ ಮಲಗಿ ಕೇಳಿದ್ದೇ ಇಲ್ಲ ಎಂದು ಹೊಳೆದಾಗ ಪೂರಾ ಎಚ್ಚರವಾಯಿತು. ಕೇಳಿದರೆ, ಸಪ್ಪಳಕ್ಕೆ ಒಂದು ಹದವಿರಲಿಲ್ಲ. ನಾಲ್ಕು ಸಲ ಬಡಿದು ನಿಲ್ಲುತ್ತಿತ್ತು. ಮತ್ತೆ ಶುರುವಾಗುತ್ತಿತ್ತು, ಮತ್ತೆ ನಿಲ್ಲುತ್ತಿತ್ತು.

ಎದ್ದು ಹಿತ್ತಲ ಬಾಗಿಲಿಗೆ ಹೋದಳು. ಗೊಲ್ಲಾಳಮ್ಮ ಸ್ನಾನ ಮಾಡಿ, ಹಣೆತುಂಬ ವಿಭೂತಿ ಧರಿಸಿ, ಊರಿಗೆ ಹೋಗುವಾಗ ಉಡುವ ಇಳಕಲ್ ಸೀರೆ ಉಟ್ಟು ಒಲೆಯ ಮುಂದೆ ಕೂತಿದ್ದಳು. ಎಡಗೈಯಿಂದ ಬಡಿಯುತ್ತಿದ್ದಳು. ಬಲಗೈ ಹಿಟ್ಟಿನ ಅಂಚು ಸರಿಪಡಿಸಲಷ್ಟೇ ಬರುತ್ತಿತ್ತು. ಹಂಚಿನ ಮೇಲಿದ್ದ ರೊಟ್ಟಿ ದಪ್ಪಗೆ, ಒಂದು ಕಡೆ ಹರಿದು, ಕರಕಾಗುತ್ತಿತ್ತು. ಪಕ್ಕದಲ್ಲಿ ಬಿಳಿ ಅರಿವೆ ಹಾಸಿತ್ತು. ಅದರ ಮೇಲೆ ಒಂದೇ ಒಂದು ರೊಟ್ಟಿ.

"ಅತ್ತೀ, ಏನ್ ಮಾಡಾಕತ್ತೀರಿ? ಸರೀರಿ, ನಾ ಮಾಡ್ತೀನಿ."

"ಹಿಟ್ಟು ಮುಟ್ಟಬ್ಯಾಡ" ಎಂದಳು ಗೊಲ್ಲಾಳಮ್ಮ, ತಿರುಗಿ ನೋಡದೆ. "ಇವು ನನ್ನವು. ನನಗ ಎರಡು ಸಾಕು. ಗಾಡ್ಯಾಗ ಕುಂತು ಉಣ್ತೀನಿ, ಆ ಬೋರ್ಡಿನೋರು ನನಗೇನು ಅಂತಾರ?"

"ನೀವು ಬರಂಗಿಲ್ಲ ಅಂದಿದ್ರಲ್ಲ."

"ನಾ ಇಲ್ಲೇ ಇದ್ರ ನೀನೂ ಇಲ್ಲೇ ಇರ್ತಿ. ಮತ್ತ ಇದೇ ಒಲಿ." ಮುದುಕಿ ರೊಟ್ಟಿ ತಿರುವಿಹಾಕಿ, ನೋವಿಗೆ ಮಣಿಕಟ್ಟನ್ನು ತೊಡೆಗೆ ಒತ್ತಿಕೊಂಡಳು. "ಈ ಒಲಿ ಮುಂದ ನಾನೂ ಕುಂತು ದಣದಾಕಿನೇ. ನನಗ ಯಾರೂ ಮಲಕ್ಕೋ ಅನ್ನಲಿಲ್ಲ. ನಿನಗ ನಾನೂ ಅನ್ನಲಿಲ್ಲ. ಹೋಗು, ಮಲಕ್ಕೋ. ಗಾಡಿ ಬಂದ ಮ್ಯಾಲ ಎಬ್ಬಸ್ತೀನಿ."

ಸುನಿತಾ ಬಾಗಿಲಲ್ಲಿ ಇನ್ನಷ್ಟು ಹೊತ್ತು ನಿಂತಳು. ಕೈಗಳು ತಾವಾಗಿಯೇ ಹಿಟ್ಟಿನ ಕಡೆ ಹೋಗಲು ನೋಡುತ್ತಿದ್ದವು. ಅವನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಬಂದು ಮಲಗಿದಳು. ಬಸವಕುಮಾರ ಗೊರಕೆ ಹೊಡೆಯುತ್ತಿದ್ದ. ಆಕೆಗೆ ಅಳು ಬಂತು, ಅಷ್ಟು ದಿನ ಬಾರದ್ದು ಈಗ ತಡೆಯಲಾರದಷ್ಟು ಬಂತು. ದಿಂಬಿಗೆ ಮುಖ ಒತ್ತಿ ಅತ್ತಳು. ನಿದ್ದೆ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಹಿತ್ತಲಲ್ಲಿ ಸಪ್ಪಳ ನಿಂತು, ಬಹಳ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಸುನಿತಾ ಏಳಲಿಲ್ಲ.