ಎಂಟುನೂರು ಡಿಗ್ರಿ ಮೇಷ್ಟ್ರು

ನಮ್ಮ ಅರಸೀಕೆರೆಯ ಸಿದ್ಧಾರ್ಥ ಮೇಷ್ಟ್ರು ಫ್ಯೂಯೆಲ್ ಸೆಲ್ ಎಂಬುದನ್ನು ಕಣ್ಣಾರೆ ಕಂಡವರಲ್ಲ. ಆದರೂ ಎಂಟುನೂರು ಡಿಗ್ರಿ ಕಾವಿನಲ್ಲಿ ಗ್ಯಾಸನ್ನು ಕರೆಂಟು ಮಾಡುವ ಆ ಬಿಲ್ಲೆಗಳನ್ನು ಒಂಬತ್ತು ವರ್ಷದಿಂದ ಕಂಪ್ಯೂಟರಿನೊಳಗೆ ಒಂದರ ಮೇಲೊಂದು ಪೇರಿಸಿ ಪಿಎಚ್.ಡಿ. ಲೆಕ್ಕ ಹಾಕುತ್ತಲೇ ಇದ್ದಾರೆ. ಲೆಕ್ಕದಲ್ಲಿ ಇಡೀ ಬೀದಿಗೆ ಸಾಲುವಷ್ಟು ಕರೆಂಟು ಬರುವ ಹೊತ್ತಿಗೆ ಮನೆಯ ಕರೆಂಟು ಹೋಗುತ್ತದೆ, ಮತ್ತೆ ಮೊದಲಿಂದ ಶುರು. ಕಷ್ಟ ಬಂದಲ್ಲೆಲ್ಲ ಅವರದು ಒಂದೇ ಮಂತ್ರ: "ಹಂಗಂತ ಇಟ್ಕೊಳ್ಳೋಣ ಕಣ್ರೀ." ಗ್ಯಾಸು ಸೋರಲ್ಲ ಅಂತ ಇಟ್ಕೊಳ್ಳುತ್ತಾರೆ, ಬಿಲ್ಲೆ ಬಿರುಕು ಬಿಡಲ್ಲ ಅಂತ ಇಟ್ಕೊಳ್ಳುತ್ತಾರೆ, ಎಲ್ಲ ಬಿಲ್ಲೆಗೂ ಒಂದೇ ಕಾವು ಅಂತಲೂ ಇಟ್ಕೊಳ್ಳುತ್ತಾರೆ. ಈ ಕೊನೆಯದಕ್ಕೇ ಪರೀಕ್ಷಕರು ಎರಡು ಸಲ ಪ್ರಬಂಧ ವಾಪಸು ಕಳಿಸಿದಾಗ, "ಅವರಿಗೇನ್ರೀ ಗೊತ್ತು ಬೆಂಕಿ ವಿಷಯ?" ಎಂದರು ಮೇಷ್ಟ್ರು. ಮೊನ್ನೆ ಮೇಷ್ಟ್ರು, ಹಳೇಬೀಡಿನ ಹತ್ತಿರ ತಮ್ಮ ತಂದೆ ಸಣ್ಣಯ್ಯನವರು ಇಟ್ಟಿಗೆ ಸುಡುವ ಗೂಡಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಮುದುಕರು ಗೂಡಿನ ಮೈಗೆ ಅಲ್ಲಲ್ಲಿ ಅಂಗೈ ಒತ್ತಿ ನೋಡಿ, "ನಡುವಿನವು ಬೆಂದವೆ, ಅಂಚಿನವು ಇನ್ನೂ ಹಸಿಯಾಗೇ ಅವೆ. ಯಾವ ಗೂಡಲ್ಲೂ ಕಾವು ಒಂದೇ ಸಮ ಇರಕಿಲ್ಲ ಕಣಪ್ಪ" ಎಂದರು. "ಸಮ ಐತೆ ಅಂತ ಇಟ್ಕೊಂಡ್ರೆ, ಅಪ್ಪಾ?" ಎಂದರು ಮೇಷ್ಟ್ರು. ಸಣ್ಣಯ್ಯನವರು ಅಂಗೈ ತಿರುಗಿಸಿ ತೋರಿಸಿದರು. ಮಗನನ್ನು ಓದಿಸಿದ ಆ ಅಂಗೈಯಲ್ಲಿ ಗೂಡಿನ ಕಾವಿಗೆ ಬೆಂದು ಬೆಂದು ಒಂದು ಗೆರೆಯೂ ಉಳಿದಿರಲಿಲ್ಲ.