ಮುಯ್ಯಿ ತೀರಿಸಲು ಮನೆ ಹಿಡಿದೆವು

ಹೋದ ವಾರ ಶಿರಸಿಯಲ್ಲಿ ಒಬ್ಬ ಹೆಂಗಸು ನನ್ನ ಹೆಂಡತಿಯನ್ನು ಓಣಿಯ ಹೆಂಗಸರೆಲ್ಲರ ಎದುರು ಸರಿಯಾಗಿ ಬೈದಳು. ಪರಿಚಯವಾಗಿ ಇನ್ನೂ ನಾಲ್ಕು ದಿನ ಆಗಿರಲಿಲ್ಲ. ಆ ಖುಷಿಗೆ ನಾವು ಅದೇ ವಾರ ಅಲ್ಲಿ ಮನೆ ಹಿಡಿದೆವು.

ನಂಬುವುದಿಲ್ಲವೇ? ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಮೊದಲಿನಿಂದ ಹೇಳುತ್ತೇನೆ, ಕೇಳಿ.

ಈ ಅಂಕಣವನ್ನು ಬಿಡದೆ ಓದುವ ತಾಳ್ಮೆಯುಳ್ಳವರಿಗೆ ನಾನು ಯಾರೆಂದು ಗೊತ್ತು. ಈ ಮಾರ್ಚಿಗೆ ರಿಟೈರ್ ಆದ ರಸ್ತೆ ಓವರ್‌ಸಿಯರು. ಹುಟ್ಟಿದ್ದು ಸಾತಾರೆಯ ಕಡೆ, ಮನೆಮಾತು ಮರಾಠಿ. ಕೆಲಸಕ್ಕೆಂದು ಘಟ್ಟದ ಮೇಲಿನ ಈ ತಾಲೂಕುಗಳಿಗೆ ಬಂದಾಗ ನನ್ನ ಮೀಸೆ ಕಪ್ಪಗಿತ್ತು, ಕನ್ನಡ ಬರುತ್ತಿರಲಿಲ್ಲ. ಈಗ ಕನ್ನಡ ಬರುತ್ತದೆ, ಮೀಸೆ ಕಪ್ಪಗಿಲ್ಲ. ಐವತ್ತಾರರಲ್ಲಿ ರಾಜ್ಯಗಳ ಗಡಿ ಬದಲಾದಾಗ ಮುಂಬೈ ಸರ್ಕಾರದ ನೌಕರನಾಗಿ ಮಲಗಿದವನು ಮೈಸೂರು ಸರ್ಕಾರದ ನೌಕರನಾಗಿ ಎದ್ದೆ. (ಸಂಬಳ ಮಾತ್ರ ಮಲಗಿದಲ್ಲೇ ಮಲಗಿತ್ತು.)

ರಿಟೈರ್ ಆದವನಿಗೆ ಸರ್ಕಾರ ಹಾರ ಹಾಕುತ್ತದೆ, ಬಂಗಲೆಯ ಕೀಲಿ ಕೇಳುತ್ತದೆ. ಎಲ್ಲಿಗೆ ಹೋಗುತ್ತೀಯಪ್ಪಾ ಎಂದು ಕೇಳುವುದಿಲ್ಲ. ನಾವೆಲ್ಲಿಗೆ ಹೋಗಬೇಕು?

ಸಾತಾರೆಯಲ್ಲಿ ನನ್ನ ಅಣ್ಣನಿದ್ದಾನೆ. ಪಾಪ, ಅಟ್ಟದ ಖೋಲಿಯನ್ನು ಸುಣ್ಣ ಹಚ್ಚಿಸಿ ಇಟ್ಟಿದ್ದಾನೆ. ಆದರೆ ಅಲ್ಲಿ ಹೋದರೆ ಓಣಿಯವರು ನಮ್ಮನ್ನು ‘ಕಾನಡಿ ಜನ’ ಎನ್ನುತ್ತಾರೆ. ಇಲ್ಲಿ ‘ಮರಾಠಿಯವರು’ ಎನ್ನುತ್ತಾರೆ. ಎರಡೂ ಸುಳ್ಳಲ್ಲ. ನಮ್ಮ ಮನೆಯಲ್ಲಿ ಲೆಕ್ಕ ನಡೆಯುವುದು ಮರಾಠಿಯಲ್ಲಿ, ಜಗಳ ನಡೆಯುವುದು ಕನ್ನಡದಲ್ಲಿ.

ನಮಗೆ ಮಕ್ಕಳಿಲ್ಲ. ಇದನ್ನು ದುಃಖಕ್ಕೆ ಹೇಳುತ್ತಿಲ್ಲ, ವಿಷಯ ತಿಳಿಯಲಿ ಎಂದು ಹೇಳುತ್ತಿದ್ದೇನೆ. ಮಕ್ಕಳಿಲ್ಲದವರಿಗೆ ಊರು ಚೆನ್ನಾಗಿರಬೇಕು. ಒಂದು ಬೆಳಿಗ್ಗೆ ನಮ್ಮ ಬಾಗಿಲು ತೆರೆಯದಿದ್ದರೆ ಯಾಕೆ ತೆರೆದಿಲ್ಲ ಎಂದು ಬಂದು ಬಡಿಯುವವರು ಬೇಕಲ್ಲ?

“ಇಷ್ಟು ವರ್ಷ ಸರ್ಕಾರ ಕೂರಿಸಿದಲ್ಲಿ ಕೂತಿದ್ದೀ. ಈ ಸಲ ಊರು ಆರಿಸುವವಳು ನೀನು” ಎಂದೆ ನನ್ನ ಹೆಂಡತಿ ಸುಮತಿಗೆ. ಯಲ್ಲಾಪುರ, ಸಿದ್ದಾಪುರ, ಶಿರಸಿ – ಮೂರೂ ನಾನು ರಸ್ತೆ ಹಾಕಿದ ತಾಲೂಕುಗಳೇ. ಒಂದೊಂದರಲ್ಲಿ ಒಂದು ವಾರ ಇದ್ದು ನೋಡುವುದು. ಒಂದೂ ಮನಸ್ಸಿಗೆ ಬರದಿದ್ದರೆ ಮಳೆಗಾಲಕ್ಕೆ ಮುಂಚೆ ಗಂಟುಮೂಟೆ ಕಟ್ಟಿ ಅಣ್ಣನ ಅಟ್ಟ ಹತ್ತುವುದು. ಇದು ಒಪ್ಪಂದ.

ಓದುಗರೂ ಕಾರ್ಡು ಬರೆದು ಸಲಹೆ ಕೊಟ್ಟಿದ್ದರು. ಒಬ್ಬರು ಧಾರವಾಡ ಎಂದರು. ಇನ್ನೊಬ್ಬರು ನೇರವಾಗಿ ಕಾಶಿ ಎಂದರು. (ಅಷ್ಟೇನು ಅವಸರ, ಮಾರಾಯರೇ?)

ಊರೆಂದರೆ ಮೇ ತಿಂಗಳಲ್ಲೂ ಬಾವಿಯಲ್ಲಿ ನೀರಿರಬೇಕು, ಡಾಕ್ಟರು ಇರಬೇಕು, ಬಸ್‌ಸ್ಟ್ಯಾಂಡು ಹತ್ತಿರವಿರಬೇಕು. ಇದು ನನ್ನ ವಾದ.

“ಅಹೋ, ಅವೆಲ್ಲ ಬಂಗಲೆಯಲ್ಲೂ ಇದ್ದವು. ನನಗೆ ಮನುಷ್ಯರು ಬೇಕು” ಎಂದಳು ಸುಮತಿ. (ಮರಾಠಿಯ ‘ಅಹೋ’ ಎಂದರೆ ಕನ್ನಡದ ‘ಏನ್ರೀ’.)

ಮೊದಲು ಯಲ್ಲಾಪುರ. ಅಲ್ಲಿ ನನ್ನ ಹಳೆಯ ಸ್ನೇಹಿತ ನಾರಾಯಣ ಭಟ್ಟರ ಮನೆ. ಉಪಚಾರ ಎಂದರೆ ಏನೆಂದು ಯಾರಿಗಾದರೂ ಸಂಶಯವಿದ್ದರೆ ಅಲ್ಲಿಗೆ ಹೋಗಿ ಬರಬೇಕು. ಊಟಕ್ಕೆ ಮಾವಿನಕಾಯಿಯ ಅಪ್ಪೆಹುಳಿ, ಊಟದ ಮೇಲೆ ಕಬ್ಬಿನಹಾಲಿನ ತೊಡೆದೇವು, ಅದರ ಮೇಲೆ ಎಲೆ ಅಡಿಕೆಯ ತಟ್ಟೆ. ಸುಮತಿ ಕುಡಿದ ಲೋಟ ತೊಳೆಯಲೆಂದು ಎದ್ದರೆ ಭಟ್ಟರ ಹೆಂಡತಿ ಭಾಗೀರಥಮ್ಮ ಓಡಿ ಬರುತ್ತಿದ್ದರು.

“ಕೂತ್ಕಳಿ, ಕೂತ್ಕಳಿ! ನೀವು ಎಂತಕ್ಕೆ ಎದ್ರಿ? ಆಸರಿಗೆ ಎಂತ ಬೇಕು ಹೇಳಿ, ಮಜ್ಜಿಗೆಯ, ಪಾನಕವ? ಆನು ಮಾಡ್ತೆ.”

ಒಂದು ವಾರ ಇವಳು ಕೂತಳು. ಮಜ್ಜಿಗೆ ಕುಡಿದಳು, ಪಾನಕ ಕುಡಿದಳು, ಮತ್ತೆ ಕೂತಳು. ಹೊರಡುವಾಗ ಭಾಗೀರಥಮ್ಮ ಕುಂಕುಮ ಹಚ್ಚಿ ಕಣ್ಣೊರೆಸಿಕೊಂಡರು. ಅಂಥ ಒಳ್ಳೆಯ ಜನ. ಬಸ್ಸಿನಲ್ಲಿ ಹೇಗಿತ್ತು ಎಂದು ಕೇಳಿದೆ.

“ಸ್ವರ್ಗ ಹೀಗೇ ಇರಬೇಕು” ಎಂದಳು. “ಆದರೆ ಸ್ವರ್ಗದಲ್ಲಿ ಯಾರಿಗೂ ನಾನು ಬೇಕಾಗಿಲ್ಲವಲ್ಲ.”

ಸಿದ್ದಾಪುರದಲ್ಲಿ ಕೆಟ್ಟದ್ದು ನನ್ನ ಗ್ರಹಚಾರ. ಚಹಾದ ಅಂಗಡಿಗೆ ಕಾಲಿಟ್ಟರೆ ಹರಟೆ ಹೊಡೆಯುತ್ತಿದ್ದವರೆಲ್ಲ ಗಪ್ಪಾಗುತ್ತಿದ್ದರು. ಬೀಡಿಗಳು ಬೆಂಚಿನ ಕೆಳಗೆ ಹೋಗುತ್ತಿದ್ದವು. ಒಬ್ಬ ಕುರ್ಚಿ ಒರೆಸುತ್ತಿದ್ದ. ರೈತ ತಿಮ್ಮಾ ನಾಯ್ಕ ಕೈ ಕಟ್ಟಿ ನಿಲ್ಲುತ್ತಿದ್ದ.

“ಸಾಯೇಬ್ರಾ, ನಮ್ಮ ಗದ್ದೆ ಹತ್ರ ಒಂದ್ ಮೋರಿ ಆಗ್ಬೇಕಿತ್ರಾ. ಮಳಿ ಬಂತಂದ್ರೆ ಗಾಡಿ ದಾಟೂದಿಲ್ಲ.”

“ತಿಮ್ಮಾ, ನಾನು ರಿಟೈರ್ ಆದೆನಪ್ಪಾ.”

“ಹೌದ್ರಾ, ಗೊತ್ತಿತ್ತು. ಆದ್ರೂ ಒಂದ್ಸಲ ನೋಡಿ ಹೇಳಿ.”

ವಾರವಿಡೀ ಮೋರಿ ನೋಡಿದೆ. ಗೌರವಕ್ಕೇನೂ ಕಡಿಮೆಯಿರಲಿಲ್ಲ. ಆದರೆ ನಾನು ಬಂದಕೂಡಲೇ ಮಾತು ನಿಲ್ಲುವ ಅಂಗಡಿಯಲ್ಲಿ ಸಾಯುವವರೆಗೂ ಚಹಾ ಕುಡಿಯುವುದು ಹೇಗೆ ಹೇಳಿ?

ಉಳಿದದ್ದು ಶಿರಸಿ. ಅಲ್ಲಿ ಶಿವಪ್ಪ ಎಂಬವರ ಕಿರಾಣಿ ಅಂಗಡಿಯ ಹಿಂದೆ ಎರಡು ಖೋಲಿ ವಾರದ ಮಟ್ಟಿಗೆ ಸಿಕ್ಕಿದವು. ಶಿವಪ್ಪ ಬನವಾಸಿ ಕಡೆಯವರು. ಕೀಲಿ ಕೈಗಿಟ್ಟು, “ನೀರು ಹಿತ್ತಲದಾಗ ಐತ್ರಿ” ಎಂದು ಗಿರಾಕಿ ನೋಡಲು ಹೋದರು. ಅವರ ಹೆಂಡತಿ ಗೌರವ್ವ ಬಾಗಿಲಲ್ಲಿ ನಿಂತು ನಮ್ಮನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದರು. ಅಷ್ಟೇ. ಚಹಾ ಇಲ್ಲ, ಪಾನಕ ಇಲ್ಲ, ಎಲ್ಲಿಯವರು ಎಂಬ ಪ್ರಶ್ನೆಯೂ ಇಲ್ಲ. ಎರಡನೆಯ ದಿನವೂ ಹಾಗೇ. ಮೂರನೆಯ ದಿನವೂ ಹಾಗೇ.

ಶಿರಸಿ ಫೇಲ್ ಎಂದು ನಾನು ತೀರ್ಮಾನಿಸಿದೆ.

“ಶುಕ್ರವಾರದ ಬಸ್ಸಿಗೆ ಹೊರಡೋಣ. ಅಣ್ಣನಿಗೆ ತಿಳಿಸಿಬಿಡ್ತೇನೆ” ಎಂದೆ.

“ಆಗಲಿ” ಎಂದು ಸುಮತಿ ಸೀರೆ ಮಡಚತೊಡಗಿದಳು. ಜಗಳವಿಲ್ಲದೆ ಒಪ್ಪಿಬಿಟ್ಟಳು. ನನಗೆ ಹೆದರಿಕೆಯಾದದ್ದು ಆಗಲೇ. ಅವಳಿಗೆ ಅಟ್ಟದ ಖೋಲಿ ಬೇಡ, ಮೈದುನನ ಸಂಸಾರದಲ್ಲಿ ಕೊನೆಯ ಪಂಕ್ತಿಯಲ್ಲಿ ಕೂತು ಮುದುಕಿಯಾಗುವುದು ಬೇಡ ಎಂದು ನನಗೆ ಗೊತ್ತಿಲ್ಲವೇ? ಅಲ್ಲ, ಮೈದುನನಲ್ಲ, ಅವನು ಅವಳಿಗೆ ಭಾವ. (ನೋಡಿ, ಗಾಬರಿಯಲ್ಲಿ ಸಂಬಂಧವೇ ತಪ್ಪಿತು.)

ಮಂಗಳವಾರ ಬೆಳಿಗ್ಗೆ ಗೋಡೆಯಾಚೆಯಿಂದ ಗೌರವ್ವನ ಕೂಗು ಬಂತು.

“ಏನ್ರೀ ಅಕ್ಕಾರ, ಕೈ ಖಾಲಿ ಐತೇನ್ರಿ? ಇತ್ತಾಗ ಬರ್ರಿ!”

ಹಿತ್ತಲಿನಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದರು. ಬಿಸಿಲುಕಾಲದ ಶಾವಿಗೆ ಕೆಲಸ. ಉದ್ದನೆಯ ಮಣೆಯ ಮೇಲೆ ಒಬ್ಬಳು ಹಿಟ್ಟನ್ನು ಅಂಗೈಯಿಂದ ಹೊಸೆಯುತ್ತ ಎಳೆ ಬಿಡುತ್ತಾಳೆ, ಇನ್ನೊಬ್ಬಳು ಅದನ್ನು ಹಿಡಿದು ಕೋಲಿಗೆ ಇಳಿಬಿಡುತ್ತಾಳೆ, ಕೋಲು ಬಿಸಿಲಿಗೆ ಹೋಗುತ್ತದೆ. ಸುಮತಿ ನೋಡಲೆಂದು ಹೋದಳು. ಗೌರವ್ವ ಅವಳ ಕೈಗೆ ಹಿಟ್ಟಿನ ಮುದ್ದೆ ಕೊಟ್ಟು ಮಣೆಯ ಮೇಲೆ ಕೂರಿಸಿಬಿಟ್ಟರು.

ಸಾತಾರೆಯಲ್ಲಿ ಹುಡುಗಿಯಾಗಿದ್ದಾಗ ಶಾವಿಗೆ ಹೊಸೆದವಳೇ ಇವಳು. ಆದರೆ ಬಂಗಲೆಯಲ್ಲಿ ಗಂಡ ಹೆಂಡತಿ ಇಬ್ಬರಿಗೆ ಯಾರು ಶಾವಿಗೆ ಹೊಸೆಯುತ್ತಾರೆ? ಕೈ ಮರೆತಿತ್ತು. ಎಳೆ ಒಮ್ಮೆ ಹರಿಯಿತು, ಒಮ್ಮೆ ದಪ್ಪವಾಯಿತು. ಗೌರವ್ವ ನೋಡಿದರು, ನೋಡಿದರು, ಕೊನೆಗೆ ಸಿಡಿದರು.

“ಏನ್ರೀ ಇದು! ಶ್ಯಾವಿಗಿ ಹೊಸೀತೀರೋ ಹಗ್ಗ ಹೊಸೀತೀರೋ? ಇದನ್ನ ಒಯ್ದು ಎಮ್ಮಿ ಕಟ್ಟಬೇಕ ಅಷ್ಟ!”

ಹೆಂಗಸರು ಗೊಳ್ಳೆಂದು ನಕ್ಕರು. ಕಿಟಕಿಯಲ್ಲಿದ್ದ ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷದ ಸಂಸಾರದಲ್ಲಿ ನಾನೇ ಹಾಗೆ ಬೈದಿಲ್ಲ. (ಧೈರ್ಯ ಸಾಲದೆ, ಅದು ಬೇರೆ ಮಾತು.) ಇವಳು ಅತ್ತಾಳು, ಎದ್ದು ಬಂದಾಳು, ಬಂದರೆ ಇವತ್ತೇ ಬಸ್ಸು ಹತ್ತುವುದು ಎಂದುಕೊಂಡು ಚಪ್ಪಲಿ ಮೆಟ್ಟಿದೆ.

ಸುಮತಿ ತಲೆಯೆತ್ತಿದಳು.

“ಹಗ್ಗಾನೇ ಆಗ್ಲಿ ಬಿಡ್ರಿ ಗೌರವ್ವ. ಎಮ್ಮಿಗೆ ಆಮ್ಯಾಲೆ ನೋಡೋಣ, ಮೊದ್ಲು ನಿಮ್ಮ ಬಾಯಿಗೆ ಕಟ್ತೇನಿ!”

ಆಮೇಲೆ ಎದ್ದ ನಗು ಇದೆಯಲ್ಲ, ಅದರಲ್ಲಿ ಎಲ್ಲಕ್ಕಿಂತ ಜೋರಾದ ದನಿ ಗೌರವ್ವನದೇ. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡು, ಸುಮತಿಯ ಪಕ್ಕದಲ್ಲಿ ಕೂತು, ಅವಳ ಅಂಗೈಯನ್ನು ಹಿಡಿದು ಎಷ್ಟು ಒತ್ತಬೇಕೆಂದು ತೋರಿಸಿಕೊಟ್ಟರು.

ನಾನು ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತದ್ದು ಅವರಿಗೆ ಕಂಡಿತು.

“ಸುಮ್ನ ಯಾಕ ನಿಂತೀರಿ ಸಾಹೇಬ್ರ? ಕೋಲು ತಗೊಂಡು ಕಾಗಿ ಹೊಡೀರಿ.”

ಒಂದು ಕಾಲಕ್ಕೆ ನೂರಾರು ಆಳುಗಳನ್ನು ನೋಡಿಕೊಂಡವನು ನಾನು. ಅಂದು ಸಂಜೆಯವರೆಗೆ ಕಾಗೆ ನೋಡಿಕೊಂಡೆ. ನಿಜ ಹೇಳುತ್ತೇನೆ, ಆಳುಗಳೇ ಮೇಲು. ಕಾಗೆ ಓವರ್‌ಸಿಯರನಿಗೆ ಹೆದರುವುದಿಲ್ಲ.

ಸಂಜೆ ಕೋಲುಗಳನ್ನೆಲ್ಲ ಒಳಗಿಟ್ಟ ಮೇಲೆ ಗೌರವ್ವ ಬೆರಳು ಮಡಚುತ್ತ ಹೇಳಿದರು, “ನಾಳಿ ನೀಲವ್ವನ ಮನಿದು. ನಾಡಿದ್ದ ಮೂಲಿಮನಿಯವರದು. ಸುಮತಕ್ಕಾ, ನಿಮ್ಮನಿದು ಶನಿವಾರ ಇಡೂಣೇನ್ರಿ?”

“ನಮ್ಮದೇ?” ಸುಮತಿಗೆ ಅರ್ಥವಾಗಲಿಲ್ಲ. “ನಮಗೆ ಇಲ್ಲಿ ಮನೆಯೆಲ್ಲಿದೆ ಗೌರವ್ವ? ನಾವು ಶುಕ್ರವಾರ ಹೋಗೋರು.”

ಗೌರವ್ವನ ಮುಖ ಬಿಗಿಯಾಯಿತು. ಈ ಸಲ ತಮಾಷೆಯಲ್ಲ, ನಿಜವಾದ ಸಿಟ್ಟು.

“ಹೋಗೋರಾ? ಹೋಗೋರಿದ್ರ ಮಣಿ ಮ್ಯಾಲೆ ಯಾಕ ಕುಂತ್ರಿ? ಮುಂಜಾನಿಂದ ಸಂಜೀತನಕ ನಮ್ಮನಿಗೆ ಕೈ ಹಚ್ಚೀರಿ. ನಾವೆಲ್ಲಾ ಬಂದು ನಿಮ್ಮನಿಗೆ ಕೈ ಹಚ್ಚೋದು ಬ್ಯಾಡೇನು? ಮುಯ್ಯಿ ತೀರಿಸಿಕೊಳ್ಳದ ಹೆಂಗ ಹೋಗ್ತೀರಿ ನೀವು? ನಮಗೇನು ನ್ಯಾಯ ನೀತಿ ಇಲ್ಲಂತ ತಿಳಕೊಂಡೀರೇನು?”

ಓಣಿಯ ನಿಯಮ ಅದು. ಇವತ್ತು ನಿನ್ನ ಮನೆಗೆ ನಾನು, ನಾಳೆ ನನ್ನ ಮನೆಗೆ ನೀನು. ಮಣೆಯ ಮೇಲೆ ಕೂತವಳು ಸರದಿಗೆ ಸೇರಿದಳು. ನಡುವೆ ಎದ್ದು ಹೋಗುವಂತಿಲ್ಲ. ಮರ್ಯಾದೆಗೆಂದು ಒಂದು ಗಳಿಗೆ ಕೂತುಬರುತ್ತೇನೆ ಎಂದು ಹೋದ ನನ್ನ ಹೆಂಡತಿಗೆ ಇದು ಹೇಗೆ ಗೊತ್ತಾಗಬೇಕು?

ಖೋಲಿಗೆ ಬಂದವಳು ಮಡಚಿಟ್ಟ ಸೀರೆಗಳ ಪಕ್ಕದಲ್ಲಿ ಕೂತಳು. ಅಂಗೈ ಕೆಂಪಗಾಗಿತ್ತು. ಕಣ್ಣೂ.

“ಬಹಳ ಬೈದರೇ?” ಎಂದೆ.

“ಅಹೋ, ಯಾವ ಊರಲ್ಲೂ ನನ್ನನ್ನು ಯಾರೂ ‘ನಿಮ್ಮನೆಯದು ಯಾವತ್ತು’ ಅಂತ ಕೇಳಿರಲಿಲ್ಲ. ಇವರು ಇವತ್ತೋ ನಾಳೆಯೋ ಹೋಗೋರು ಅಂತ ಎಲ್ಲರಿಗೂ ಗೊತ್ತಿರುತ್ತಿತ್ತು. ಕರೆದರು, ಕೂರಿಸಿದರು, ಕುಂಕುಮ ಕೊಟ್ಟರು. ಶನಿವಾರ ನಾನು ಇರಲೇಬೇಕು ಅಂತ ಯಾರೂ ಸಿಟ್ಟು ಮಾಡಿರಲಿಲ್ಲ.”

“ಹಾಗಾದರೆ ಶನಿವಾರದೊಳಗೆ ಒಂದು ಅಂಗಳ ಬೇಕಲ್ಲ” ಎಂದೆ.

ಬುಧವಾರ ಬೆಳಿಗ್ಗೆಯೇ ಶಿವಪ್ಪನವರು ಅದೇ ಓಣಿಯಲ್ಲಿ ಖಾಲಿಯಿದ್ದ ಒಂದು ಹಂಚಿನ ಮನೆ ತೋರಿಸಿದರು. ನಾನು ಓವರ್‌ಸಿಯರನಂತೆ ಗೋಡೆ ಬಡಿದು ನೋಡಿದೆ, ಬಾವಿಗೆ ಕಲ್ಲು ಹಾಕಿ ನೋಡಿದೆ. ಹಿಂದಿನ ಗೋಡೆಯಲ್ಲಿ ಬಿರುಕು, ಹಂಚು ಕೈಯಾಡಿಸಬೇಕು, ಡಾಕ್ಟರ ಮನೆ ದೂರ. ಇನ್ನೂ ಹೇಳುವುದಿತ್ತು. ಸುಮತಿ ಒಳಗೆ ಕಾಲೇ ಇಡದೆ ಅಂಗಳದಲ್ಲಿ ನಿಂತು ಬಿಸಿಲು ನೋಡುತ್ತಿದ್ದಳು.

“ಮಧ್ಯಾಹ್ನದ ಮೇಲೂ ಇಲ್ಲಿ ಬಿಸಿಲು ಇರತೈತೇನ್ರಿ?” ಎಂದು ಶಿವಪ್ಪನವರನ್ನು ಕೇಳಿದಳು.

“ಹೊತ್ತು ಮುಳುಗೋತನ ಇರತೈತ್ರಿ.”

“ಸಾಕು” ಎಂದಳು. ಮನೆ ಹಿಡಿದಾಯಿತು.

ಶನಿವಾರ ಓಣಿಗೆ ಓಣಿಯೇ ಮಣೆ, ಕೋಲು ಹೊತ್ತು ನಮ್ಮ ಅಂಗಳಕ್ಕೆ ಬಂತು. ನಮ್ಮಲ್ಲಿ ಒಂದು ದೊಡ್ಡ ಪಾತ್ರೆಯೂ ಇರಲಿಲ್ಲ, ಅದೂ ಬಂತು. ಇಬ್ಬರಿಗೆ ಎಷ್ಟು ಶಾವಿಗೆ ಬೇಕು ನೀವೇ ಹೇಳಿ. ಮೂರು ಮಳೆಗಾಲಕ್ಕಾಗುವಷ್ಟು ಹೊಸೆದಿಟ್ಟು ಹೋದರು. ಸುಮತಿಯ ಎಳೆ ಈಗ ಸುಮಾರಾಗಿ ತೆಳ್ಳಗಾಗಿದೆ. (ಎಮ್ಮೆ ಕಟ್ಟಲು ಬರುವುದಿಲ್ಲ. ಕರು ಕಟ್ಟಬಹುದು.)

ಯಲ್ಲಾಪುರದ ಓದುಗರು ಸಿಟ್ಟಾಗಬಾರದು. ನಿಮ್ಮ ತೊಡೆದೇವಿನ ಋಣ ದೊಡ್ಡದು. ಬಂದವರನ್ನು ಮಣೆ ಹಾಕಿ ಕೂರಿಸಬೇಕು, ಖಂಡಿತ. ಆದರೆ ಅವರು ಇಲ್ಲೇ ಉಳಿಯಬೇಕೆಂದಿದ್ದರೆ ಯಾವತ್ತೋ ಒಂದು ದಿನ ಎಬ್ಬಿಸಲೂಬೇಕಲ್ಲ?

ಹೊರಡುವಾಗ ಗೌರವ್ವ ನಮ್ಮ ಅಂಗಳವನ್ನು ಮತ್ತೊಮ್ಮೆ ನೋಡಿ, “ಇಲ್ಲಿ ಬಿಸಿಲು ಚಲೋ ಐತಿ. ಮುಂದಿನ ವರ್ಷ ನಿಮ್ಮನಿದ ಮೊದಲು” ಎಂದರು. ಸುಮತಿ ನನ್ನ ಮುಖ ಕೂಡ ನೋಡದೆ, “ಹೂಂ, ಆಗ್ಲಿ” ಎಂದಳು. ಟ್ರಾನ್ಸ್‌ಫರ್ ಆರ್ಡರಿನ ಭಯದಲ್ಲಿ ಬದುಕಿದ ನಾವು ಮುಂದಿನ ವರ್ಷಕ್ಕೆಂದು ಯಾರಿಗೂ ಹೂಂ ಎಂದವರಲ್ಲ. ಅಂದು ರಾತ್ರಿ ಶಾವಿಗೆ ಪಾಯಸ ಉಂಡು, ಇಬ್ಬರೂ ಬೇಗ ಮಲಗಿ ಚೆನ್ನಾಗಿ ನಿದ್ದೆ ಮಾಡಿದೆವು.

ನಿಮ್ಮ ಓಣಿಗೂ ಯಾರೋ ಹೊಸಬರು ಬಂದಿರಬೇಕು. ಚಹಾ ಕೊಟ್ಟಿರುತ್ತೀರಿ, ಬಲ್ಲೆ – ಕೆಲಸ ಹೇಳಿದ್ದೀರಾ?